ಗುಳಿಗೆ ಪರೇಡಿನ ಪುಸ್ತಕ

ಸೈನ್ಯದಲ್ಲಿದ್ದಷ್ಟು ಕಾಲ ನಾನು ಬಂದೂಕಿಗಿಂತ ಹೆಚ್ಚು ಹಿಡಿದದ್ದು ಒಂದು ಉದ್ದ ಹಿಡಿಕೆಯ ಬಿಳಿ ಸೌಟು. ಹಳ್ಳ, ಗಟಾರ, ಒಡೆದ ಡ್ರಮ್ಮು, ಆನೆಯ ಹೆಜ್ಜೆಯಲ್ಲಿ ನಿಂತ ಮಳೆನೀರು, ಎಲ್ಲಿ ನೀರು ಕಂಡರೂ ಆ ಸೌಟು ಅದ್ದಿ ಎತ್ತಿ, ಸೊಳ್ಳೆಯ ಮರಿಗಳಿವೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಸರಕಾರಿ ಕಾಗದದಲ್ಲಿ ಇದಕ್ಕೆ ಹೆಲ್ತ್ ಅಸಿಸ್ಟಂಟ್ ಎಂದು ಹೆಸರು. ಜವಾನರು 'ಮಚ್ಛರ್ ಸಾಬ್' ಎಂದು ಕರೆಯುತ್ತಿದ್ದರು.

ಕಳೆದ ವರ್ಷ ಮೂಡಲಗಿಯಿಂದ, ನನ್ನ ಹೆಂಡತಿಯ ತವರಿನ ಕಡೆಯ ಒಬ್ಬ ಯುವಕ ಘಟಪ್ರಭೆಯ ನಮ್ಮ ಮನೆಗೆ ಬಂದಿದ್ದ. ಸೈನ್ಯಕ್ಕೆ ಆಯ್ಕೆಯಾಗಿದ್ದ. ಪೇಢೆಯ ಡಬ್ಬಿ ಕೊಟ್ಟ, ಆದರೆ ಮುಖ ಬಾಡಿತ್ತು.

"ಮಾಮಾರ, ನನಗೂ ನಿಮ್ಮದ ಟ್ರೇಡ್ ಬಂದೈತ್ರಿ. ಗೆಳ್ಯಾರೆಲ್ಲಾ ನಗಾಕತ್ತಾರ" ಅಂದ. "ಅದರಾಗ ಏನ್ ಕೆಲಸ ಇರ್ತೈತ್ರಿ?"

ನಾನು ಎರಡು ಮಾತು ಹೇಳಿ ಕಳಿಸಿದೆ. ಅವನು ಹೋದ ಮೇಲೆ, ಹೇಳಬೇಕಾದದ್ದು ಯಾವುದನ್ನೂ ಹೇಳಲಿಲ್ಲವಲ್ಲ ಅನ್ನಿಸಿತು. ಅದಕ್ಕೆ ಬರೆಯಲು ಕೂತಿದ್ದೇನೆ. ನನ್ನ ತೋಳಿಗೆ ಬಡ್ತಿಯ ಯಾವ ಪಟ್ಟಿ ಯಾವಾಗ ಬಂತು ಎಂಬುದನ್ನು ಬರೆಯುವುದಿಲ್ಲ. ಅವು ಎಲ್ಲರಿಗೂ ಬರುವಂತೆ ನನಗೂ ಬಂದವು.

ನಾನು ಗೋಕಾಕ ತಾಲೂಕಿನ ಅಂಕಲಗಿಯವನು. ಮೊದಲ ರಜೆಗೆ ಊರಿಗೆ ಬಂದಾಗ ಕಾಕಾ ಹತ್ತು ಮಂದಿಯ ಮುಂದೆ ಕೇಳಿದ್ದರು: "ಯಾವ ಬಂದೂಕ ಕೊಟ್ಟಾರೋ ಈರಣ್ಣಾ?" ನಾನು ಪಂಪು, ಸೌಟು, ಔಷಧದ ವಿಷಯ ಹೇಳಿದೆ. ಕಾಕಾ, "ಸೊಳ್ಳಿ ಹೊಡ್ಯಾಕ ಅಷ್ಟ್ ದೂರ ಹೋಗಬೇಕಿತ್ತೇನ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನದಿಂದ ಯಾರಾದರೂ ಕೇಳಿದರೆ, ಆಸ್ಪತ್ರೆಯ ಕೆಲಸ ಎಂದಷ್ಟೇ ಹೇಳತೊಡಗಿದೆ.

ನನ್ನ ಮೊದಲ ದೊಡ್ಡ ನೇಮಕ ಈಶಾನ್ಯದ ಗುಡ್ಡಗಳ ಬುಡದ ಕಾಡಿನಲ್ಲಿ. ಅಲ್ಲಿ ನನ್ನ ಮೇಲಿನವರು ಸುಬೇದಾರ್ ಸಾವಂತ್. ನಮ್ಮ ಗಡಿಯ ಕಡೆಯವರೇ. ಮನೆಮಾತು ಮರಾಠಿ, ಆದರೆ ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು. ಮೊದಲ ದಿನವೇ ನನ್ನನ್ನು ಒಂದು ಹಳ್ಳದ ದಂಡೆಯಲ್ಲಿ ಬೋರಲಾಗಿ ಮಲಗಿಸಿದರು.

"ಮೂಗ ನೀರಿಗೆ ಹತ್ತಬೇಕು. ಏನ್ ಕಾಣತೈತಿ ಹೇಳು."

"ಸಣ್ಣ ಸಣ್ಣ ಹುಳಾ ಅದಾವ್ರಿ."

"ತಲಿ ಕೆಳಗ ಮಾಡಿ ಜೋತಾಡಾಕತ್ತಾವೋ, ನೀರಿನ ಮ್ಯಾಲ ಅಡ್ಡಡ್ಡ ಮಲಗ್ಯಾವೋ?"

"ಅಡ್ಡ ಮಲಗ್ಯಾವ್ರಿ."

"ಅದ ನೋಡು ಮಲೇರಿಯಾದ್ದು. ಜೋತಾಡೂವು ಬರೇ ನಿದ್ದಿ ಕೆಡಸ್ತಾವು. ಇವು ಮನಶ್ಯಾನ್ನ ಒಯ್ತಾವು."

ಅವರು ಕಲಿಸಿದ ಪಾಠ ಅಷ್ಟೇ. ಪುಸ್ತಕದಲ್ಲಿ ಹತ್ತು ಪುಟವಿದ್ದದ್ದು ನನಗೆ ಆ ಒಂದು ಬೆಳಿಗ್ಗೆಯಲ್ಲಿ ತಲೆಗೆ ಹೋಯಿತು.

ಆ ವರ್ಷವೇ ನಾನು ಮಾಡಿದ ಮೊದಲ ತಪ್ಪು ಸೊಳ್ಳೆಪರದೆಗಳದ್ದು. ಪರದೆಗಳನ್ನು ಔಷಧದ ನೀರಿನಲ್ಲಿ ಅದ್ದಿ ಒಣಗಿಸುವ ಪದ್ಧತಿ ಆಗ ಹೊಸದು. ನೂರಾರು ಪರದೆ ಅದ್ದಿದ ಮೇಲೆ, ಬೇಗ ಒಣಗಲಿ ಎಂದು ಹಗ್ಗ ಕಟ್ಟಿ ಬಿಸಿಲಿಗೆ ನೇತುಹಾಕಿದೆ. ಸಾವಂತರು ಬಂದು ನೋಡಿದರು. ಔಷಧವೆಲ್ಲ ಕೆಳಗಿನ ಅಂಚಿಗೆ ಇಳಿದು ಹುಲ್ಲಿಗೆ ತೊಟ್ಟಿಕ್ಕುತ್ತಿತ್ತು. ಉಳಿದದ್ದನ್ನು ಬಿಸಿಲು ತಿನ್ನುತ್ತಿತ್ತು. ಅವರು ಬೈಯಲಿಲ್ಲ. "ಇದರೊಳಗ ಮಲಗಿದಾಂವ, ನಾ ಉಳಿದೆ ಅಂತ ತಿಳಕೊಂಡಿರ್ತಾನ" ಎಂದಷ್ಟೇ ಅಂದರು. ಎಲ್ಲವನ್ನೂ ಮತ್ತೆ ಅದ್ದಿ, ನೆರಳಿನಲ್ಲಿ ನೆಲಕ್ಕೆ ಹಾಸಿ ಒಣಗಿಸಲು ನಾಲ್ಕು ದಿನ ಹಿಡಿಯಿತು.

ಇನ್ನೊಮ್ಮೆ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟ ಒಂದು ತುಕಡಿಯಲ್ಲಿ ಮೂವರಿಗೆ ಒಟ್ಟಿಗೇ ಜ್ವರ ಬಂತು. ರಕ್ತದ ಸ್ಲೈಡಿನಲ್ಲಿ ಮಲೇರಿಯಾ ಕಾಣಲಿಲ್ಲ. ಸಾವಂತರು ಮೂವರನ್ನೂ ಬಟ್ಟೆ ಬಿಚ್ಚಿಸಿ ನಿಲ್ಲಿಸಿ, ಕಂಕುಳು, ತೊಡೆಸಂದು ಎಲ್ಲ ನೋಡಿದರು. ಇಬ್ಬರ ಮೈಮೇಲೆ ಬೀಡಿಯಿಂದ ಸುಟ್ಟಂಥ ಸಣ್ಣ ಕಪ್ಪು ಹಕ್ಕಳೆ ಇತ್ತು. ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿದ ಗುರುತು ಅದು. ಬೇರೆ ಔಷಧ ಕೊಟ್ಟ ಮೇಲೆ ಇಬ್ಬರು ಉಳಿದರು. ಮೂರನೆಯವನ ಹಕ್ಕಳೆ ಕೂದಲಿನೊಳಗೆ, ನೆತ್ತಿಯ ಹತ್ತಿರ ಇತ್ತು. ಅದು ನಮಗೆ ಕಂಡದ್ದು ಅವನ ಹೆಣವನ್ನು ತೊಳೆಯುವಾಗ.

ಬೀರಪ್ಪ ಎಂಬ ಜವಾನ ನನ್ನ ಬದುಕಿಗೆ ಬಂದದ್ದು ಇದರ ಮುಂದಿನ ವರ್ಷ. ಹುಕ್ಕೇರಿ ತಾಲೂಕಿನ ಕಣಗಲಾದವನು. ಕುರಿ ಕಾಯುವ ಮನೆತನ. ಅವನ ಪಲ್ಟನ್ನು ನಮ್ಮ ಠಾಣ್ಯಕ್ಕೆ ಬಂದಿಳಿದ ದಿನ, ಔಷಧ ಹೊಡೆಯುತ್ತಿದ್ದ ನನ್ನ ಬಾಯಿಂದ ಕನ್ನಡದ ಬೈಗುಳ ಒಂದು ಬಿದ್ದದ್ದು ಕೇಳಿ ಓಡಿ ಬಂದಿದ್ದ.

"ಯಾವೂರ್ರಿ ನಿಮ್ದು?"

"ಅಂಕಲಗಿ."

"ಅಯ್ಯ, ನಮ್ಮವರ ಆದ್ರಲ್ರಿ" ಎಂದು ನನ್ನ ಕೈ ಹಿಡಿದವನು ಬಹಳ ಹೊತ್ತು ಬಿಡಲಿಲ್ಲ. ಅಷ್ಟು ದೂರದಲ್ಲಿ ನಮ್ಮ ಮಾತು ಆಡುವ ಒಬ್ಬ ಮನುಷ್ಯ ಸಿಗುವುದು ಏನೆಂದು ಹೋಗಿ ಬಂದವರಿಗೇ ಗೊತ್ತು. ನಾನು ಅವನಿಗಿಂತ ಐದಾರು ವರ್ಷ ದೊಡ್ಡವನು. ಅಣ್ಣಾರ ಎಂದು ಕರೆಯುತ್ತಿದ್ದ.

ಅಲ್ಲಿ ವಾರಕ್ಕೊಮ್ಮೆ ಗುಳಿಗೆ ಪರೇಡು ನಡೆಯುತ್ತಿತ್ತು. ಮಲೇರಿಯಾ ಬಾರದಿರಲೆಂದು ಪ್ರತಿಯೊಬ್ಬನಿಗೂ ನಾನು ಕೈಗೆ ಗುಳಿಗೆ ಕೊಡಬೇಕು, ನನ್ನ ಮುಂದೆಯೇ ನುಂಗಬೇಕು, ಬಾಯಿ ತೆರೆದು ತೋರಿಸಬೇಕು. ಆಮೇಲೆ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಚೌಕದಲ್ಲಿ ನಾನು ಗುರುತು ಹಾಕಬೇಕು. ಗುಳಿಗೆ ವಿಪರೀತ ಕಹಿ. ಕೆಲವರಿಗೆ ಹೊಟ್ಟೆ ತೊಳಸುತ್ತಿತ್ತು. ಅದರ ಜೊತೆಗೆ ಬ್ಯಾರಕಿನಲ್ಲಿ ಒಂದು ಸುದ್ದಿಯಿತ್ತು. ಈ ಗುಳಿಗೆ ತಿಂದರೆ ಗಂಡಸುತನ ಹೋಗುತ್ತದೆ, ಮಕ್ಕಳಾಗುವುದಿಲ್ಲ ಎಂದು. ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಾನು ಹೋದ ಪ್ರತಿ ಠಾಣ್ಯದಲ್ಲೂ ಆ ಸುದ್ದಿ ನನಗಿಂತ ಮೊದಲೇ ಬಂದಿರುತ್ತಿತ್ತು.

ಒಂದು ಪರೇಡಿನ ಹಿಂದಿನ ದಿನ ಬೀರಪ್ಪ ಔಷಧದ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

"ಅಣ್ಣಾರ, ಒಂದ್ ಮಾತ ಕೇಳ್ಲೇನ್ರಿ?"

"ಕೇಳು."

"ಮದವಿಯಾಗಿ ನಾಕ ವರ್ಷ ಆತು. ಮಕ್ಕಳಿಲ್ಲಂತ ಮನ್ಯಾಗ ಎಲ್ಲಾರೂ ಅಕಿಗೆ ಅಂತಾರ್ರಿ. ಬರೂ ತಿಂಗಳ ನಂದು ರಜಾ ಐತಿ. ರಜಾಕ್ಕ ಹೋಗೂಮಟ ಈ ಗುಳಿಗಿ ಬ್ಯಾಡ್ರಿ ನನಗ."

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲೋ."

"ನಿಮಗ ಗೊತ್ತೈತಿ, ನನಗ ಹೆದರಿಕಿ ಐತಿ. ಕೈಯಾಗ ಕೊಡ್ರಿ, ನುಂಗಾಕ ಹಚ್ಚಬ್ಯಾಡ್ರಿ. ಪುಸ್ತಕದಾಗ ಬರಕೊಳ್ರಿ. ನಾಕ ವಾರ ಅಷ್ಟ."

ಆಗ ಚಳಿಗಾಲ. ಸೊಳ್ಳೆ ಕಡಿಮೆ. ನಾಲ್ಕು ವಾರದಲ್ಲಿ ಏನಾದೀತು ಅಂದುಕೊಂಡೆ. ಮರುದಿನ ಅವನ ಕೈಗೆ ಗುಳಿಗೆ ಹಾಕಿ, ಬಾಯಿ ನೋಡದೆ, ಗುರುತು ಹಾಕಿದೆ.

ರಜೆಗೆ ಹೋಗಿ ಬಂದ. ಎರಡು ತಿಂಗಳಿಗೆ ಊರಿಂದ ಕಾಗದ ಬಂತು. ಹೆಂಡತಿ ಬಸುರಿ. ಅವನು ಆ ಕಾಗದವನ್ನು ನನ್ನ ಮುಂದೆ ಮೂರು ಸಲ ಓದಿದ. ಗುಳಿಗೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಅವನಿಗೆ ಖಾತ್ರಿಯಾಗಿತ್ತು. ಇನ್ನು ತಗೋ ಎಂದೆ. "ಇನ್ನೊಂದೀಟು ದಿನ ಬ್ಯಾಡ್ರಿ, ಕೂಸು ಒಂದ್ ನೆಟ್ಟಗ ಬರ್ಲಿ" ಅಂದ. ಕೂಸು ಇರುವುದು ಅವಳ ಹೊಟ್ಟೆಯಲ್ಲಿ, ನಿನ್ನ ಗುಳಿಗೆ ಅದಕ್ಕೆ ತಾಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ನಕ್ಕುಬಿಟ್ಟ. ನಾನು ಗುರುತು ಹಾಕುತ್ತ ಹೋದೆ. ಮೊದಲ ಗುರುತು ಹಾಕುವಾಗ ಕೈ ತಡೆದಿತ್ತು. ಆಮೇಲೆ ತಡೆಯಲಿಲ್ಲ.

ಮಳೆಗಾಲದ ಮೊದಲಲ್ಲಿ ಅವನ ತುಕಡಿ ಕಾಡಿನೊಳಗಿನ ಚೌಕಿಗೆ ಹೋಯಿತು. ಕೆಳಗಿನಿಂದ ಎರಡು ದಿನದ ನಡಿಗೆ. ವಾರದ ಗುಳಿಗೆಗಳನ್ನು ಎಣಿಸಿ ಜೊತೆಗೆ ಕಳಿಸಿ, ಅವುಗಳ ಲೆಕ್ಕವನ್ನು ವೈರ್‌ಲೆಸ್ಸಿನಲ್ಲಿ ಕೇಳಿ ನಾನೇ ಪುಸ್ತಕಕ್ಕೆ ಏರಿಸುತ್ತಿದ್ದೆ. ಹೋದ ಮೂರನೆಯ ವಾರ ಚೌಕಿಯಿಂದ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಬೀರಪ್ಪನಿಗೆ ಚಳಿಜ್ವರ, ತಲೆನೋವು, ವಾಂತಿ. ನಮ್ಮ ಡಾಕ್ಟರು ಒಬ್ಬ ಕ್ಯಾಪ್ಟನ್, ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಬಹಳ ಎಚ್ಚರದವರು. ವೈರ್‌ಲೆಸ್ಸಿನ ಮುಂದೆ ಕೂತವರು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು:

"ಈ ಜವಾನ ಗುಳಿಗೆ ತಪ್ಪಿಸಿದ್ದನೇ?"

ಪುಸ್ತಕ ನನ್ನ ಕೈಯಲ್ಲೇ ಇತ್ತು. ನಾನು, "ಇಲ್ಲ ಸಾಬ್" ಅಂದೆ.

"ಒಂದು ವಾರವೂ?"

"ಇಲ್ಲ ಸಾಬ್."

ಅವರು ಮತ್ತೆ ವೈರ್‌ಲೆಸ್ಸಿನ ಕಡೆ ತಿರುಗಿದರು. ಗುಳಿಗೆ ಸರಿಯಾಗಿ ತಿಂದವನಿಗೆ ಹೀಗೆ ಬಂದಿದೆಯೆಂದರೆ ಬೇರೆ ಜ್ವರವಿರಬಹುದು, ರಕ್ತದ ಸ್ಲೈಡು ಕೆಳಗೆ ಕಳಿಸಿ, ಅಲ್ಲಿಯವರೆಗೆ ಆ ಜ್ವರದ ಔಷಧ ಕೊಡಿ ಎಂದು ಚೌಕಿಗೆ ಹೇಳಿದರು. ಆಗ ಒಂದು ಮಾತು ಹೇಳಿದ್ದರೆ ಅವರು ಆ ಕ್ಷಣವೇ ಮಲೇರಿಯಾದ ಇಂಜೆಕ್ಷನ್ ಕೊಡಿಸುತ್ತಿದ್ದರು. ಅದು ಚೌಕಿಯ ಪೆಟ್ಟಿಗೆಯಲ್ಲೇ ಇತ್ತು. ನಾನು ಹೇಳಲಿಲ್ಲ. ಹೇಳಿದರೆ ನನಗೆ ಏನು ಶಿಕ್ಷೆಯಾಗುತ್ತದೆಂದು ಗೊತ್ತಿತ್ತು. ನಾಳೆ ಜ್ವರ ಇಳಿಯುತ್ತದೆ, ಯಾಕೆ ಹೇಳಬೇಕು ಅಂದುಕೊಂಡೆ.

ಮರುದಿನ ಮಧ್ಯಾಹ್ನ ಅವನಿಗೆ ಪ್ರಜ್ಞೆ ತಪ್ಪತೊಡಗಿತು. ಡಾಕ್ಟರು ಸ್ಲೈಡಿಗೆ ಕಾಯದೆ ಇಂಜೆಕ್ಷನ್ ಶುರುಮಾಡಿಸಿದರು. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಬರಲಿಲ್ಲ. ಎಂಟು ಮಂದಿ ಸರದಿಯ ಮೇಲೆ ಸ್ಟ್ರೆಚರ್ ಹೊತ್ತು ಇಳಿಸಿದರು. ಗಾಡಿರಸ್ತೆ ಸೇರುವ ಜಾಗದಲ್ಲಿ ನಾನು ಆಂಬುಲೆನ್ಸಿನೊಂದಿಗೆ ನಿಂತಿದ್ದೆ. ಅವನ ಕಣ್ಣು ತೆರೆದಿದ್ದವು, ಆದರೆ ನನ್ನನ್ನು ಗುರುತಿಸಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಬಗ್ಗಿ ಕೇಳಿದೆ. ನಾಲಗೆಯಿಂದ ಟ್ರ್ರ್ ಟ್ರ್ರ್ ಎಂದು ಕುರಿ ಕರೆಯುತ್ತಿದ್ದ. ಆಸ್ಪತ್ರೆಗೆ ಹೋಗುವ ಹಾದಿಯುದ್ದಕ್ಕೂ ಕರೆಯುತ್ತಿದ್ದ. ಆಸ್ಪತ್ರೆ ಕಾಣುವ ಮೊದಲೇ ನಿಲ್ಲಿಸಿದ.

ಭಾಷೆ ಬರುವವನೆಂದು ಹೆಣದ ಜೊತೆ ಊರಿಗೆ ನನ್ನನ್ನೇ ಕಳಿಸಿದರು. ಕಣಗಲಾದಲ್ಲಿ ಊರಿಗೆ ಊರೇ ಸೇರಿತ್ತು. ಹೆಂಡತಿ ಲಗಮವ್ವನಿಗೆ ಆಗ ಐದು ತಿಂಗಳು. ಗೋಡೆಗೆ ಆತು ಕೂತಿದ್ದಳು, ಅಳುತ್ತಿರಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಬೀರಪ್ಪನ ತಂದೆ ಸಿದ್ದಪ್ಪ ನನ್ನ ಪಕ್ಕ ಕೂತರು.

"ಗುಂಡ ಹತ್ತಿಲ್ಲ ಅಂದ್ರ?"

"ಇಲ್ರಿ. ಜ್ವರಾ."

"ಸೊಳ್ಳಿ ಕಡದು?"

"ಹೌದ್ರಿ."

"ಅದಕ್ಕೇನ ಗುಳಿಗಿ ಕೊಡ್ತಿದ್ರಂತಲ್ಲ. ಕಾಗದಾ ಬರದಿದ್ದ. ನಮ್ಮೂರ ಕಡೇದವರ ಕೊಡ್ತಾರ, ಭಾಳ ಛಲೋ ಮನಶ್ಯಾ ಅಂತ. ತಗೊಂತಿದ್ನೇನ್ರಿ ಬರೋಬ್ಬರಿ?"

ಸುತ್ತಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು, "ತಗೊಂತಿದ್ದರಿ" ಅಂದೆ. ಹೀಗೆ ಆ ಸುಳ್ಳನ್ನು ಅವನ ಮನೆಯಲ್ಲೇ ಕೂತು ಇನ್ನೊಂದು ಸಲ ಹೇಳಿದೆ.

ವಾಪಸು ಹೋದಾಗ ವಿಚಾರಣೆ ನಡೆಯುತ್ತಿತ್ತು. ಗುಳಿಗೆ ಪುಸ್ತಕ ತರಿಸಿದರು. ಪುಟ ಪುಟವೂ ತುಂಬಿತ್ತು. ಹೆಲ್ತ್ ಅಸಿಸ್ಟಂಟ್ ತನ್ನ ಕೆಲಸ ಚೆನ್ನಾಗಿ ಮಾಡಿದ್ದಾನೆ, ವಾರದ ಗುಳಿಗೆ ಈ ಕಾಡಿನ ಮಲೇರಿಯಾಕ್ಕೆ ಸಾಲುತ್ತಿಲ್ಲ ಎಂದು ಬರೆದರು. ಕೆಲವು ತಿಂಗಳಲ್ಲಿ ನಮ್ಮ ಠಾಣ್ಯಕ್ಕೆ ದಿನಾ ನುಂಗುವ ಬೇರೆ ಕ್ಯಾಪ್ಸೂಲು ಬಂತು. ಅದರಿಂದ ಜವಾನರ ಎದೆ ಉರಿಯುತ್ತಿತ್ತು, ಬಿಸಿಲಿಗೆ ಮುಖದ ಚರ್ಮ ಸುಲಿಯುತ್ತಿತ್ತು. ಹಳೆಯ ಗುಳಿಗೆ ಕೆಲಸ ಮಾಡುತ್ತಿಲ್ಲವೆಂದು ಬೇರೆ ಕಡೆಗಳಿಂದಲೂ ವರದಿ ಬಂದಿದ್ದವು ಅನ್ನುತ್ತಾರೆ. ಆದ್ದರಿಂದ ಬದಲಾವಣೆ ತಪ್ಪಾಗಿರಲಿಕ್ಕಿಲ್ಲ. ಹಳೆಯ ಗುಳಿಗೆ ನುಂಗಿದ್ದರೂ ಬೀರಪ್ಪ ಉಳಿಯುತ್ತಿದ್ದನೋ ಇಲ್ಲವೋ, ಯಾವ ಡಾಕ್ಟರೂ ಹೇಳಲಾರರು. ಕಳೆದುಹೋದ ಆ ಒಂದು ದಿನದ ವಿಷಯ ಹಾಗಲ್ಲ. ಅದು ನನ್ನಿಂದ ಹೋದ ದಿನ.

ವಿಚಾರಣೆ ಮುಗಿದ ಸಂಜೆ ಸಾವಂತರು ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಿದ್ದರು. ಹಾಳೆ ತಿರುವುತ್ತಲೇ ಅಂದರು:

"ಇಷ್ಟ ಮಂದ್ಯಾಗ, ಇಷ್ಟ ವಾರದಾಗ, ಒಂದೂ ಚೌಕ ಖಾಲಿ ಇಲ್ಲ. ನನ್ನ ಸರ್ವಿಸ್‌ನಾಗ ಇಂಥಾ ಪುಸ್ತಕ ನೋಡಿಲ್ಲ, ಈರಣ್ಣಾ."

ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಹೊರಟುಹೋದರು. ಅವರಿಗೆ ಗೊತ್ತಾಗಿತ್ತು. ಆಮೇಲೆ ಒಂದು ವರ್ಷ ಜೊತೆಗಿದ್ದೆವು. ಕೆಲಸದ ಮಾತು ಬಿಟ್ಟು ಬೇರೆ ಮಾತನ್ನು ಅವರು ನನ್ನೊಂದಿಗೆ ಆಡಲಿಲ್ಲ. ಕ್ಯಾಪ್ಟನ್ ಸಾಹೇಬರಿಗಾದರೂ ಹೇಳಬೇಕೆಂದು ಧೈರ್ಯ ಮಾಡಿಕೊಂಡು ಹೋದ ದಿನ, ಅವರಿಗೆ ಬೇರೆಡೆಗೆ ವರ್ಗವಾಗಿ ಹೊರಟಾಗಿತ್ತು. ಖಾಲಿ ಕೋಣೆ ನೋಡಿ ನನಗೆ ಹಗುರವೆನಿಸಿತು. ಹಾಗೆ ಹಗುರವೆನಿಸಿದ್ದಕ್ಕೆ ಇಂದಿಗೂ ನಾಚಿಕೆಯಿದೆ.

ಉಳಿದ ಸರ್ವಿಸ್ಸಿನಲ್ಲಿ ನಾನು ಯಾರಿಗೂ ಬೇಡವಾದ ಮನುಷ್ಯನಾಗಿದ್ದೆ. ನಾಲಗೆ ಎತ್ತಿಸಿ ನೋಡುತ್ತಿದ್ದೆ. ನೀರು ಕುಡಿದ ಮೇಲೂ ಎರಡು ನಿಮಿಷ ನಿಲ್ಲಿಸಿಕೊಳ್ಳುತ್ತಿದ್ದೆ. ಸೊಳ್ಳೆ ಕಚ್ಚದಂತೆ ಸಂಜೆಯಾಗುವ ಮೊದಲೇ ಅಂಗಿಯ ತೋಳು ಇಳಿಸದವನ ಹೆಸರು ಬರೆದುಕೊಳ್ಳುತ್ತಿದ್ದೆ. ಕೆಲಸದ ರೀತಿಯೂ ಬದಲಾಗುತ್ತ ಬಂತು. ಗೋಡೆಗೆ ಸೊಳ್ಳೆ ಕೊಲ್ಲುವ ಬಿಳಿಪುಡಿಯ ನೀರು ಹೊಡೆಯುವುದು ಕಡಿಮೆಯಾಯಿತು. ಔಷಧ ಒಳಗೇ ಕೂಡಿಸಿ ನೇಯ್ದ ಪರದೆ ಬಂತು. ಯೂನಿಫಾರ್ಮನ್ನೇ ಔಷಧದಲ್ಲಿ ನೆನೆಸುವುದು ಬಂತು. ಒಂದು ಹನಿ ರಕ್ತ ಹಾಕಿ, ಚಹಾ ಕುಡಿಯುವಷ್ಟರಲ್ಲಿ ಮಲೇರಿಯಾ ಹೌದೋ ಅಲ್ಲವೋ ಹೇಳುವ ಪಟ್ಟಿ ಬಂತು. ಮೊದಲ ಸಲ ಅದರ ಮೇಲೆ ಹೌದೆನ್ನುವ ಎರಡು ಗೆರೆ ಮೂಡಿದಾಗ, ಇಷ್ಟು ಬೇಗ ಗೊತ್ತಾಯಿತಲ್ಲ ಎಂದು ಎಲ್ಲರೂ ಖುಷಿಪಟ್ಟರು. ನಾನು ಹೊರಗೆ ಹೋಗಿ ನಿಂತೆ. ಅಂಥದೊಂದು ಪಟ್ಟಿ ಆ ಚೌಕಿಯಲ್ಲಿದ್ದಿದ್ದರೆ ನನ್ನನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಹೊಸದಾಗಿ ಸೇರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ನುಂಗದವನ ಚೌಕ ಖಾಲಿ ಬಿಟ್ಟರೆ ಬೈಸಿಕೊಳ್ಳುತ್ತೀರಿ, ಶಿಕ್ಷೆಯೂ ಆಗಬಹುದು. ಆದರೂ ಖಾಲಿಯೇ ಬಿಡಿ. ಮುಂದೆ ಆ ಪುಸ್ತಕ ನೋಡಿ ಒಬ್ಬ ಡಾಕ್ಟರು ನಿರ್ಧಾರ ಮಾಡುತ್ತಾರೆ. ಮತ್ತು ನಿಮ್ಮ ಊರಿನವನು ಪ್ರೀತಿಯಿಂದ ಕೇಳಿದಾಗ ಇಲ್ಲ ಅನ್ನುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಅದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ನಿವೃತ್ತಿಯಾಗಿ ಬಂದ ಮೇಲೂ ನಾನು ಕಣಗಲಾಕ್ಕೆ ಹೋಗಿರಲಿಲ್ಲ. ಹುಕ್ಕೇರಿಗೆ ಹಲವು ಸಲ ಹೋದೆ, ಅಲ್ಲಿಂದಲೇ ತಿರುಗಿ ಬಂದೆ. ಈ ವರ್ಷ ಘಟಪ್ರಭೆಯ ಒಂದು ಆಸ್ಪತ್ರೆಯಲ್ಲಿ, ಕಣ್ಣು ತೋರಿಸಲು ಬಂದವರ ಸಾಲಿನಲ್ಲಿ ಲಗಮವ್ವ ನನ್ನನ್ನು ಗುರುತಿಸಿದಳು. ಎದ್ದು ಬಂದು ಕೈಮುಗಿದಳು. ಪಕ್ಕದಲ್ಲಿದ್ದವರಿಗೆ, "ನಮ್ಮನಿಯವರನ್ನ ಊರ ಮುಟ್ಟಿಸಿದವರು ಇವರ. ದೇವರಂಥಾ ಮನಶ್ಯಾರು" ಎಂದು ಹೇಳಿದಳು. ಆ ಮಾತು ಕೇಳಿದ ಮೇಲೆ ನನಗೆ ಊಟ ಇಳಿಯಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಕಣಗಲಾಕ್ಕೆ ಹೋದೆ.

ಸಿದ್ದಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಲಗಮವ್ವ ಒಬ್ಬಳೇ ಇದ್ದಳು. ಮಗಳು ಭಾಗ್ಯಶ್ರೀ ಹುಕ್ಕೇರಿಯ ಒಂದು ಸಾಲೆಯಲ್ಲಿ ಟೀಚರು. ಕೂತ ಕೂಡಲೇ ಹೇಳತೊಡಗಿದೆ. ನಡುವೆ ನಿಂತರೆ ಮುಂದೆ ಹೇಳಲಾರೆ ಎಂದು ಗೊತ್ತಿತ್ತು. ಅವನು ಕೇಳಿಕೊಂಡದ್ದು, ನಾನು ಗುರುತು ಹಾಕಿದ್ದು, ಡಾಕ್ಟರಿಗೆ ಇಲ್ಲ ಅಂದದ್ದು, ಇದೇ ಮನೆಯಲ್ಲಿ ಅವಳ ಮಾವನಿಗೆ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅವಳು ನೆಲ ನೋಡುತ್ತ ಕೇಳಿದಳು. ಆಮೇಲೆ ತಲೆ ಎತ್ತಿದಳು.

"ಅವರ ಪೆಟಿಗಿ ಬಂದಾಗ ಅದರಾಗ ಒಂದ್ ದಸ್ತಿ ಇತ್ರಿ. ಗಂಟ ಬಿಚ್ಚಿದ್ರ ಬಿಳೇ ಗುಳಿಗಿ. ಎಣಿಸಲಿಲ್ಲ ನಾ. ಒಲಿಗೆ ಹಾಕಿದೆ. ಯಾರಿಗೂ ಹೇಳ್ಲಿಲ್ಲ."

ಸೆರಗು ಸರಿಮಾಡಿಕೊಂಡು ಅವಳೇ ಮುಂದುವರಿಸಿದಳು.

"ನಿಮ್ಮ ಕಣ್ಣ ತಪ್ಪಿಸಿ ಮುಚ್ಚಿಟ್ಟಾರ ಅಂತ ತಿಳಿದಿದ್ದೆ. ಅಷ್ಟ್ ಛಲೋ ಮನಶ್ಯಾಗ ಮೋಸ ಮಾಡಿ, ಹೊಟ್ಟ್ಯಾಗಿನ ಕೂಸಿನ ವಿಚಾರನೂ ಮಾಡದ ಸತ್ರು ಅಂತ ಇಷ್ಟ್ ವರ್ಷ ಅವರ ಮ್ಯಾಲ ಸಿಟ್ಟ ಐತ್ರಿ ನನಗ. ಮಗಳಿಗೂ ಹಂಗ ಹೇಳೀನಿ. ನಿಮ್ಮಪ್ಪ ತನ್ನ ಹಟದಿಂದ ಸತ್ತ ಅಂತ."

"ಮೋಸ ಮಾಡ್ಲಿಲ್ಲ ತಂಗಿ. ಕೇಳಿದ. ನಾ ಹೂಂ ಅಂದೆ."

"ನೀವು ಹೂಂ ಅಂದ್ರಿ" ಎಂದು ಅವಳು ಮೆಲ್ಲಗೆ ಅಂದಳು. ಆಮೇಲೆ ಎದ್ದು ನಿಂತು, "ಭಾಗ್ಯಾ ಐದರ ಬಸ್ಸಿಗೆ ಬರ್ತಾಳ. ಕುಂಡ್ರಿ. ಅಕಿಗೂ ನೀವ ಹೇಳ್ರಿ" ಎಂದು ಒಳಗೆ ಹೋದಳು.

ಮೂರು ತಾಸು ಕಟ್ಟೆಯ ಮೇಲೆ ಕೂತಿದ್ದೆ. ನೀರು ಕೇಳುವ ಮನಸ್ಸಾಗಲಿಲ್ಲ, ಅವಳೂ ತರಲಿಲ್ಲ. ಭಾಗ್ಯಶ್ರೀ ಬಂದಳು. ಅಪ್ಪನದೇ ಹಣೆ, ಅಪ್ಪನದೇ ನಡಿಗೆ. ಇನ್ನೊಮ್ಮೆ ಎಲ್ಲ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು. ಅವಳು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದಳು.

"ಕಾಕಾರ, ಅಪ್ಪ ಯಾಕ ಬ್ಯಾಡ ಅಂದ್ರು? ಏನಂದ್ರೋ ಹಂಗ ಹೇಳ್ರಿ."

ಹೇಳಿದೆ. ನಾಲ್ಕು ವರ್ಷ ಮಕ್ಕಳಾಗದ್ದು, ಮಂದಿಯ ಮಾತು, ಅವನ ಹೆದರಿಕೆ. ಕಾಗದ ಬಂದ ಮೇಲೆ, ಕೂಸು ನೆಟ್ಟಗೆ ಬರಲಿ ಅಂದದ್ದು.

"ಅಂದ್ರ ನನ್ನ ಸಲುವಾಗಿ" ಅಂದಳು.

"ಅಲ್ಲವ್ವಾ. ನೀ ಆಗ ಇನ್ನೂ ಹುಟ್ಟಿರಲಿಲ್ಲ. ಅಲ್ಲಿ ಇದ್ದಾಂವ ನಾ."

ಲಗಮವ್ವ ಬಂದು ಮಗಳ ಬಾಜೂ ಕೂತು ಅವಳ ಬ್ಯಾಗನ್ನು ತೆಗೆದು ಕೆಳಗಿಟ್ಟಳು. ನನ್ನ ಬಸ್ಸಿನ ಹೊತ್ತಾಗಿತ್ತು. ಎದ್ದೆ. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ 'ಹೋಗಿ ಬರ್ತೇನಿ' ಅನ್ನುವುದು ರೂಢಿ. ಆ ಮಾತು ನನ್ನ ಬಾಯಿಗೆ ಬರಲಿಲ್ಲ.

"ಹೋಗ್ತೇನಿ ತಂಗಿ" ಅಂದೆ.

"ಹೂಂ" ಅಂದಳು ಲಗಮವ್ವ.